ಯಾರೂ ಬರೆಯದ ಸಾಲು

ಹಳ್ಳ ಹೊಳೆಗೆ ಸೇರುತ್ತದೆ ಎಂದು ನಾನು ಬರೆದರೆ
ಹೊಳೆಗೆ ಈ ಹಳ್ಳ ಬಂತು ಎಂದು ಬರೆಯುವವರು ಯಾರು?
ಸಾಗರದ ಜೋಗ ರಸ್ತೆಯಲ್ಲಿ, ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ
ಇಷ್ಟೇ ಪ್ರಶ್ನೆಗೆ ನಾವು ನಾಲ್ವರು
ಎರಡು ಸುತ್ತು ಚಹಾ ಮುಗಿಸಿದೆವು.

ಬಾಟ್ ಬರೆಯುತ್ತೆ, ಅಂದ ಫೆಲಿಕ್ಸ್.
ರಾತ್ರಿ ಹನ್ನೊಂದಕ್ಕೆ ಎದ್ದು
ಒಂದೊಂದೇ ಹಳ್ಳದ ಕದ ತಟ್ಟಿ
ಎಲ್ಲಿಗೆ ಹೊರಟೆ ಅಂತ ಕೇಳಿಕೊಂಡು
ಹೊಳೆಯ ಮನೆಗೆ ಹೋಗಿ ಚೀಟಿ ಅಂಟಿಸಿ ಬರುತ್ತೆ.
ಬೆಳಿಗ್ಗೆ ನೋಡಿದರೆ ಶರಾವತಿಯ ಪುಟದಲ್ಲಿ
ಅರವತ್ತೆರಡು ಹೊಸ ಸಾಲು,
ಪ್ರತಿಯೊಂದರ ಕೆಳಗೂ ಅದರ ರುಜು, ಗಂಟೆ, ನಿಮಿಷ.

ಜುಲೇಖಾ ಒಪ್ಪಲಿಲ್ಲ. ಕಾಲೇಜಿನಲ್ಲಿ ಗಣಿತ ಹೇಳುವವಳು.
ಏಳ್ಮೂರ್ಲ ಇಪ್ಪತ್ತೊಂದು ಬಂದವನು
ಮೂರೇಳ್ಲವನ್ನು ಬೇರೆ ಗೋಡೆ ಮೇಲೆ ಬರೆದಿಡುತ್ತಾನಾ?
ಅವಳು ಅಕ್ಕ ಅಂದಮೇಲೆ ನಾನು ತಂಗಿಯೇ,
ಅದಕ್ಕೊಂದು ಅರ್ಜಿ ಯಾಕೆ?
ನಿಯಮವನ್ನು ಒಮ್ಮೆ ಅದರ ಹೊಟ್ಟೆಯೊಳಗೇ ಇಟ್ಟುಬಿಡಿ,
ಕೇಳಿದಾಗ ತಾನೇ ಹೇಳುತ್ತೆ,
ಕೇಳದಿದ್ದರೆ ಸುಮ್ಮನಿರುತ್ತೆ.

ಅವಳ ಮಾತು ನಿಜವೆನ್ನಿಸಲು ನನ್ನದೇ ತಪ್ಪು ಸಾಕಾಯಿತು.
ನಮ್ಮೂರು ನೀರಿಗೆ ಬೈತಲೆ ತೆಗೆದ ಊರು:
ಈ ಬದಿಯದು ವರದೆಗೆ, ಮೂಡಲ ಕಡಲಿಗೆ;
ಆ ಬದಿಯದು ಶರಾವತಿಗೆ, ಪಡುವಲಿಗೆ.
ನಿದ್ದೆಗಣ್ಣಲ್ಲಿ ನಾನೊಂದು ಹಳ್ಳವನ್ನು ಅತ್ತ ತಿರುಗಿಸಿದ್ದೆ.
ಎರಡು ದಿನ ಬಿಟ್ಟು ತಿದ್ದಿದೆ,
ಒಂದು ಪದ, ಅಷ್ಟೇ.
ಅಷ್ಟರಲ್ಲಿ ಬಾಟು
ಅದರ ತೊರೆಗಳನ್ನು, ಕಾಲುಸಂಕಗಳನ್ನು, ಒಂದು ಜಾತಿ ಏಡಿಯನ್ನೂ
ಪಡುವಲಿಗೆ ಸಾಗಿಸಿ ಆಗಿತ್ತು.
ಬೇರು ಕಿತ್ತರೂ ನಲವತ್ತು ಎಲೆ ಹಸಿರಾಗಿಯೇ ಇದ್ದವು.
ಒಂದೊಂದನ್ನೇ ಕೈಯಾರೆ ಆರಿಸಿದೆ, ಅಕ್ಕಿಯ ಕಲ್ಲಿನ ಹಾಗೆ.

ಸರಿ, ಜುಲೇಖಾ ಗೆದ್ದಳು, ಅಂದುಕೊಂಡೆವು.

ಮೂಲೆಯಲ್ಲಿ ಹೂವಪ್ಪ. ಮೋಜಣಿ ಇಲಾಖೆಯಲ್ಲಿ
ಮೂವತ್ತೊಂದು ವರ್ಷ ಸರಪಳಿ ಎಳೆದವರು,
ಗಡಿಕಲ್ಲು ಕಂಡರೆ ಇಂದಿಗೂ ಕಾಲಲ್ಲಿ ಒದ್ದು ನೋಡುವವರು.
ನಂದೂ ಒಂದು ಕೇಳಿ, ಅಂದರು.
ಹುಟ್ಟಿದ ಊರು ನೇರಲಕೊಪ್ಪ ಎಂದು ಅವರೇ ತುಂಬಿದ್ದು.
ನೇರಲಕೊಪ್ಪ ಜಲಾಶಯದಲ್ಲಿದೆ ಎಂದು ಬೇರೆ ಯಾರೋ.
ಎರಡೂ ಸುಳ್ಳಲ್ಲ.
ಯಂತ್ರ ಕ್ಷಣವೂ ತಡಮಾಡದೆ ಕೂಡಿಸಿ ಹೇಳಿತು:
ಹೂವಪ್ಪ ಹುಟ್ಟಿದ್ದು ಜಲಾಶಯದಲ್ಲಿ.

ಹಂಗಾರೆ ನಾ ಮೀನೇ ಸೈ, ಎಂದು ಅವರು ನಕ್ಕರು.
ನಾವೂ ನಕ್ಕೆವು. ಆಮೇಲೆ
ನಮ್ಮ ನಗು ಅವರದಕ್ಕಿಂತ ಉದ್ದವಾಯಿತು ಅನ್ನಿಸಿ ನಿಲ್ಲಿಸಿದೆವು.

ಅಳಿಸೋಣವೆಂದರೆ ಸಾಲೇ ಇಲ್ಲ.
ಬೈಯೋಣವೆಂದರೆ ಕೆಳಗೆ ರುಜು ಇಲ್ಲ.
ಬಾಟ್ ಆಗಿದ್ದರೆ ಕಿವಿಯಾದರೂ ಹಿಂಡಬಹುದಿತ್ತು,
ಫೆಲಿಕ್ಸ್ ಗೊಣಗಿದ.
ನಿಯಮ ತಪ್ಪಲ್ಲ, ಅಂದಳು ಜುಲೇಖಾ,
ಈ ಸಲ ಪರದೆಯನ್ನು ನೋಡದೆ, ಅವರನ್ನು ನೋಡುತ್ತಾ.

ಕನ್ನಡಕ ಒರೆಸಿಕೊಂಡು ಹೂವಪ್ಪ ಕೀಲಿಮಣೆ ಎಳೆದುಕೊಂಡರು.
ಒಂದೇ ಬೆರಳಲ್ಲಿ,
ನೀರಿನ ಸಾಲಿನ ಬಾಲಕ್ಕೆ ಇಸವಿ ಕಟ್ಟಿದರು:
ಅರವತ್ನಾಲ್ಕರಿಂದ.
ಮತ್ತೆ ಕೇಳಿದರೆ ಯಂತ್ರ ಒಣನೆಲದಲ್ಲೇ ನಿಂತಿತು:
ಸಾಗರ ತಾಲ್ಲೂಕು.

ಸರಿಯಾಯ್ತಲ್ಲ, ಅಂದೆ.
ಆಯ್ತು, ಅಂದರು. ಬಿರುಬೇಸಿಗೇಲಿ ನೀರಿಳಿದಾಗ
ನಮ್ಮ ಬಾವಿಕಟ್ಟೆ ಹನ್ನೆರಡು ದಿನ ಮೇಲೆ ಬರ್ತದೆ.
ಆ ಹನ್ನೆರಡು ದಿನ ಊರು ಎಲ್ಲಿರ್ತದೆ
ಅಂತ ಅದನ್ನು ಕೇಳಬ್ಯಾಡಿ. ಪಾಪ, ತಲೆಕೆಡಿಸ್ಕೊಳ್ತದೆ.

ಕೆಳಗೆ ಟೈರ್ ಅಂಗಡಿಯ ಶಟರ್ ಬಿತ್ತು.
ಹನ್ನೊಂದಕ್ಕೆ ಇನ್ನೂ ಹೊತ್ತಿತ್ತು.
ಬಾಟನ್ನು ನಿಲ್ಲಿಸಲೂ ಇಲ್ಲ, ಹೊರಡಿಸಲೂ ಇಲ್ಲ ಫೆಲಿಕ್ಸ್,
ಬೆರಳನ್ನು ಸುಮ್ಮನೆ ಗುಂಡಿಯ ಮೇಲೆ ಇಟ್ಟುಕೊಂಡಿದ್ದ.
ನಾನು ಲೋಟ ತೊಳೆದ ನೀರನ್ನು ಕಿಟಕಿಯಿಂದ ಚೆಲ್ಲಿದೆ.
ಚರಂಡಿಯ ಏರಿನಲ್ಲಿ ಅದು
ಒಂದು ಗಳಿಗೆ ನಿಂತು,
ಹೊರಟಿತು.