ಅರವತ್ತರ ಹತ್ತಿರ ಒಂದು ಗೆರೆ

ಮೂರು ಬಣ್ಣ ಸಾಲಾಗಿಟ್ಟು ಕೇಳಿದಳು ಅಬೆನಾ:
ಯಾವುದು ಹಾಕಲಿ?
ಮ್ಯಾಂಚೆಸ್ಟರಿನ ಸಂಜೆ ನಾಲ್ಕಕ್ಕೇ ಕಪ್ಪಿಟ್ಟಿತ್ತು.
ಟ್ರೇಯಲ್ಲಿ ಜೆಲ್ಲು,
ತಾಟಿನುಂಗಿನ ತೊಳೆಯ ಹಾಗೆ ಆಚೆಯದೆಲ್ಲ ಕಾಣುವಂಥದ್ದು,
ಎತ್ತಿದರೆ ಹರಿಯುವಂಥದ್ದು.
ಅದರೊಳಗೆ ಎಲ್ಲೋ
ಹತ್ತು ರೋಗಿಗಳ ಬೆನ್ನುಹುರಿಯ ನೀರಿನಿಂದ ಬಸಿದ
ಒಂದೇ ಒಂದು ಪ್ರೋಟೀನು
ಇದೆ. ಅಥವಾ ಇಲ್ಲ.

ನೋಡಮ್ಮ, ಅಂದೆ,
ನೀಲಿ ಸಾಧು. ಅಗ್ಗ.
ರಾತ್ರಿಯಿಡೀ ತೊಳೆ, ಮೂಲೆಗೊಂದು ಟಿಶ್ಯೂ ಕಾಗದದ ಗಂಟು ಇಡು,
ಹೆಚ್ಚಾದದ್ದನ್ನು ಅದೇ ಕುಡಿಯುತ್ತದೆ.
ಆದರೆ ಅದಕ್ಕೆ ಸಣ್ಣವರು ಕಾಣುವುದಿಲ್ಲ,
ಮದುವೆಮನೆಯ ಯಜಮಾನನ ಹಾಗೆ
ದೊಡ್ಡ ರುಮಾಲುಗಳಿಗಷ್ಟೇ ನಮಸ್ಕಾರ.

ಈ ಕೆಂಪು, ಕತ್ತಲಲ್ಲಿ ಹೊಳೆಯುವಂಥದ್ದು,
ಕಣ್ಣು ಚುರುಕು, ಕೈ ದುಬಾರಿ.
ಫಾಯಿಲಿನಲ್ಲಿ ಸುತ್ತಿ ಮಲಗಿಸಬೇಕು,
ಮೂರನೆಯ ಮಹಡಿಯ ಸ್ಕ್ಯಾನರಿಗೆ ಹೆಸರು ಬರೆಸಬೇಕು,
ಗುರುವಾರದ ತನಕ ಬಿಡುವಿಲ್ಲ.

ಉಳಿದದ್ದು ಬೆಳ್ಳಿ.

ಅವಳು ನೀಲಿಯ ಡಬ್ಬಿ ತಿರುಗಿಸಿ ಲೇಬಲ್ಲು ಓದುತ್ತಿದ್ದಳು.
ಕೂಮಾಸಿ.
‘ನಮ್ಮಮ್ಮ ಹುಟ್ಟಿದ ಊರು’ ಅಂದಳು, ದನಿ ಏರಿಸದೆ.
ಸೈನ್ಯ ಹೋಗಿ ಆ ಊರು ಹಿಡಿದ ಕಾಲಕ್ಕೆ
ಇಲ್ಲೇ, ಬ್ಲೇಕ್ಲಿಯ ಕಾರ್ಖಾನೆಯಲ್ಲಿ
ಉಣ್ಣೆಗೆಂದು ಬಣ್ಣ ತೆಗೆದವರು
ಗೆಲುವಿನ ನೆನಪಿಗೆ ಆ ಹೆಸರಿಟ್ಟರಂತೆ.
ಅರ್ಕ್ ಹೊಳೆ ಸೋಮವಾರ ಕೆಂಪಗೆ, ಮಂಗಳವಾರ ಹಸಿರಾಗಿ ಹರಿಯುತ್ತಿತ್ತೆಂದು
ನಮ್ಮ ಕಾವಲಿನ ಡೆಸ್ಮಂಡ್ ಹೇಳುತ್ತಾನೆ, ಅವನಜ್ಜ ಕಂಡದ್ದು.
ಇಪ್ಪತ್ತಾರು ವರ್ಷ ಈ ಡಬ್ಬಿ ತೆಗೆದು ಮುಚ್ಚಿದ್ದೇನೆ.
ಯಾರ ಊರು ಎಂದು ಒಮ್ಮೆಯೂ ಕೇಳಲಿಲ್ಲ,

ನೀಲಗಾರರ ಮನೆಯವಳಾಗಿ.
ಗುಳೇದಗುಡ್ಡದಲ್ಲಿ ಚಿಕ್ಕಪ್ಪ ಹುಚ್ಚೀರಪ್ಪನ ಕೈಗೆ
ಮೊಣಕೈತನಕ ಹಬ್ಬಕ್ಕೂ ಬಿಡದ ನೀಲಿ.
ಹರವಿಗೆ ಬಗ್ಗಿ ಮೂಸಿ ಅನ್ನುತ್ತಿದ್ದ:
ಹಿಡಿಯೂದು ನೂಲಿನ ಗುಣ, ಬಿಡೂದು ನೀರಿನ ಗುಣ,
ನಡುವ ನಿಂದೇನೈತಿ ತಂಗಿ, ಕಾಯೂದು.

‘ಬೆಳ್ಳಿ’ ಅಂದಳು ಅಬೆನಾ.

ಗಡಿಯಾರ ಹಿಡಿದು ನಿಂತೆವು.
ಹುಳಿ, ನೀರು, ನೀರು, ಮತ್ತೆ ನೀರು,
ಬೆಳ್ಳಿಯ ನೀರು ಇಪ್ಪತ್ತು ನಿಮಿಷ,
ಆಮೇಲೆ ಸೋಡಾ, ಫಾರ್ಮಲಿನ್ನಿನ ಘಾಟು.
ಏನಿಲ್ಲ.
ಏನಿಲ್ಲ.
ಆಮೇಲೆ ಬಟ್ಟೆಗೆ ಚೆಲ್ಲಿದ ಚಹಾದಂತೆ
ಮೊದಲು ಅಳತೆಯ ಏಣಿ ಎದ್ದಿತು,
ಅದರ ಪಕ್ಕ, ಹತ್ತೂ ಸಾಲಿನಲ್ಲಿ,
ಅರವತ್ತರ ಹತ್ತಿರ, ಒಂದು ಗೆರೆ.
ಹುಳಿ ಸುರಿ, ನಿಲ್ಲಿಸು, ಎಂದು ಕೂಗಿದೆ,
ಇನ್ನೊಂದು ಉಸಿರಾದರೆ ಎಲ್ಲ ಕಪ್ಪು.

ಡಾಕ್ಟರ್ ಹೆಬ್ಡನ್ ಕೋಟು ಬಿಚ್ಚದೆ ಬಗ್ಗಿ ನೋಡಿ
ಶಿಳ್ಳೆ ಹಾಕಿದರು.
ಪ್ರಬಂಧಕ್ಕೆ ಹೆಸರೂ ಹೊಳೆಯಿತು ಅವರಿಗೆ.
ಅಬೆನಾ ಮಾತ್ರ ಕೊನೆಯ ಸಾಲನ್ನೇ ನೋಡುತ್ತಿದ್ದಳು,
ಯಾವ ರೋಗಿಯದೂ ಅಲ್ಲದ, ಬರೀ ಬಫರು ಹಾಕಿದ ಸಾಲು.
ಅಲ್ಲೂ ಅದೇ ಗೆರೆ.

ಕೆರಾಟಿನ್. ಅಂದರೆ ಚರ್ಮ, ಉಗುರಂಚು, ಕೂದಲು.
ಬಫರಿನ ಮುಚ್ಚಳ ತೆಗೆದಿಟ್ಟು
ಕನ್ನಡಕ ಸರಿಮಾಡಿಕೊಳ್ಳಲು ಗ್ಲೌಸು ಕಳಚಿದವಳು ನಾನು.
ನನಗೂ ಅರವತ್ತರ ಹತ್ತಿರ.
ಅಷ್ಟು ಸೂಕ್ಷ್ಮ ಬೆಳ್ಳಿಯ ಕಣ್ಣು,
ಹುಡುಕುತ್ತಿದ್ದವಳನ್ನೇ ಮೊದಲು ಹಿಡಿಯಿತು.

ಹೆಬ್ಡನ್ ಗುಂಡಿ ಹಾಕಿಕೊಂಡು ಬಸ್ಸಿಗೆ ಹೋದರು.
ನಾವು ಟ್ರೇಯನ್ನು ದೀಪಕ್ಕೆ ವಾಲಿಸಿದೆವು.
ಮೂರನೆಯ ಸಾಲಿನಲ್ಲಿ, ತೀರ ಕೆಳಗೆ,
ಎಳೆಯಷ್ಟು ಏನೋ. ಗೆರೆಯಿರಬಹುದು,
ಟ್ರೇಯ ಗೀರೂ ಇರಬಹುದು.

ಎರಡೆರಡು ಗ್ಲೌಸು ಹಾಕಿ
ಅವಳು ಹೊಸ ಜೆಲ್ಲು ಹೊಯ್ಯುತ್ತಿದ್ದಳು.
ಈ ಸಲ ಯಾವುದು? ಎಂದು ಕೇಳಿದೆ ನಾನು.
ಮೊದಲು ಇದು, ಬೆಳ್ಳಿ ಆಮೇಲೆ, ಎನ್ನುತ್ತ
ನೀಲಿಯ ಡಬ್ಬಿ ಕೈಗಿಟ್ಟು
ಅದರ ಹೆಸರನ್ನು ಅವಳಮ್ಮ ಅನ್ನುವಂತೆ ಅಂದಳು:
ಕುಮಾಸೆ.
ಸರಿಯಾಗಿ ಬರುವ ತನಕ
ನನ್ನಿಂದಲೂ ಅನ್ನಿಸಿದಳು.