ವಿಮಾನದಲ್ಲಿ ಬರುವ ಕೋರ್ಟು

ನಾಲ್ಕು ತಿಂಗಳಿಗೊಮ್ಮೆ ನಮ್ಮೂರಿಗೆ ಕೋರ್ಟು
ವಿಮಾನದಲ್ಲಿ ಬರುತ್ತದೆ, ಹಿಮಗಾಳಿ ಬಿಟ್ಟರೆ.
ಹಿಂದಿನ ರಾತ್ರಿ ಶಾಲೆಯ ಜಿಮ್ ಒರೆಸಿ
ಅರವತ್ತು ಕುರ್ಚಿ ಹಾಕುವವ ನಾನು.
ನ್ಯಾಯಾಧೀಶರ ಮೇಜು ಬಾಸ್ಕೆಟ್‌ಬಾಲ್ ಬಲೆಯ ಕೆಳಗೆ.
ಅದರ ಒಂದು ಕಾಲು ಗಿಡ್ಡ,
ಹಾಲಿನ ಡಬ್ಬಿ ಮಡಚಿ ಇಟ್ಟಿದ್ದೇನೆ.
ಕಟಕಟೆ ಇಲ್ಲ. ನೆಲದ ಹಳದಿ ಗೆರೆಯೇ ಕಟಕಟೆ.
ನಾನೂ ಒಮ್ಮೆ ಅದರ ಮೇಲೆ ನಿಂತಿದ್ದೆ,
ಯಾಕೆಂದು ಇಲ್ಲಿ ಹೇಳುವುದಿಲ್ಲ.

ಒಂದೇ ಏಣಿಯಿಂದ ಇಳಿಯುತ್ತಾರೆ ಎಲ್ಲರೂ:
ನ್ಯಾಯಾಧೀಶರು, ಸರ್ಕಾರಿ ವಕೀಲೆ, ಆರೋಪಿಗಳ ವಕೀಲ,
ಗುಮಾಸ್ತೆ, ಅವಳ ಎರಡು ಪೆಟ್ಟಿಗೆ ಕಡತ.
ದಾರಿಯುದ್ದಕ್ಕೂ ಒಂದೇ ಫ್ಲಾಸ್ಕಿನ ಕಾಫಿ ಕುಡಿದವರು
ಹತ್ತು ಗಂಟೆಗೆ ಸರಿಯಾಗಿ
ಎದುರಾಳಿಗಳಾಗುತ್ತಾರೆ.
ನಮಗದು ಸೋಜಿಗವಲ್ಲ.
ಫಿರ್ಯಾದಿ ಸೈಲಾಸಿ, ಆರೋಪಿ ಜೇಪಿಟಿ
ಇವತ್ತು ಒಂದೇ ಸ್ಲೆಡ್ಡಿನಲ್ಲಿ ಬಂದಿಳಿದರು.
ಇನ್ನೊಂದು ಗಾಡಿ ಸಮುದ್ರದ ತಳದಲ್ಲಿದೆಯಲ್ಲ,
ಅದೇ ಕೇಸು.

ಅಕ್ಟೋಬರಿನಲ್ಲಿ, ಕೇಳದೆ, ಸೈಲಾಸಿಯ ಹಿಮಗಾಡಿ ಹತ್ತಿ
ಎಳೆಯ ಮಂಜುಗಡ್ಡೆಯ ಮೇಲೆ ಹೋದ ಜೇಪಿಟಿ.
ಬಲೆ ನೋಡಲು ಹೋದ ಎನ್ನುತ್ತಾರೆ ಕೆಲವರು,
ಹುಡುಗಿ ನೋಡಲು ಎನ್ನುತ್ತಾಳೆ ನನ್ನ ಹೆಂಡತಿ.
ಕಡತದಲ್ಲಿ ಎರಡೂ ಇಲ್ಲ.
ಕಡತದಲ್ಲಿರುವುದು ಗಾಡಿಯ ನಂಬರು, ಬಣ್ಣ, ಬೆಲೆ,
ಮತ್ತು ತಾರೀಖುಗಳು.
ಮೊದಲ ತಾರೀಖಿಗೆ ವಿಮಾನ ಇಳಿಯಲಿಲ್ಲ.
ನಮ್ಮ ತಲೆಯ ಮೇಲೆ ಎರಡು ಸುತ್ತು ಹಾಕಿ
ನ್ಯಾಯ ವಾಪಸು ಹೋಯಿತು.
ಎರಡನೆಯದಕ್ಕೆ ಜೇಪಿಟಿ ಕ್ಯಾರಿಬೂ ಬೇಟೆಯಲ್ಲಿದ್ದ,
ಅವನ ಹೆಸರಿಗೆ ವಾರಂಟು ಹುಟ್ಟಿತು.
ಮೂರನೆಯದಕ್ಕೆ ಎಲ್ಲರೂ ಹಾಜರು,
ಪೊಲೀಸರ ಕಾಗದ ಮಾತ್ರ
ಬೇರೆ ಊರಿನ ಪೆಟ್ಟಿಗೆಯಲ್ಲಿ ಕೂತಿತ್ತು.

ಇವತ್ತು ನಾಲ್ಕನೆಯದು.
'ತಪ್ಪಿತಸ್ಥನೋ, ಅಲ್ಲವೋ?' ಕೇಳಿದರು ನ್ಯಾಯಾಧೀಶರು.
ದುಭಾಷಿ ಮೀಲಿಯಾ ಕನ್ನಡಕ ತೆಗೆದು ಒರೆಸಿದಳು.
ಆ ಒಂದು ಪದಕ್ಕೆ ಅವಳು ಪ್ರತಿಸಲ
ನಾಲ್ಕು ಪದ ಹುಡುಕುತ್ತಾಳೆ.
ಕೊನೆಗೆ ಅವಳ ಬಾಯಲ್ಲಿ ಅದು
'ನೀನು ಮಾಡಿದೆಯಾ?' ಎಂದಾಯಿತು.
'ಹೂಂ, ತಗೊಂಡೆ' ಎಂದ ಜೇಪಿಟಿ,
ಉಪ್ಪು ತಗೊಂಡೆ ಎನ್ನುವ ಹಾಗೆ.
ಅವನ ವಕೀಲ ಚಂಗನೆ ಎದ್ದ:
'ಸ್ವಾಮಿ, ಐದು ನಿಮಿಷ ಸಮಯ ಬೇಕು.'
ಅಷ್ಟರಲ್ಲಿ ಬೂಟಿನ ಹಿಮ ಕೊಡವುತ್ತ ಪೈಲಟ್ ಬಂದು
ಗುಮಾಸ್ತೆಯ ಕಿವಿಯಲ್ಲಿ ಏನೋ ಹೇಳಿದ.
ಪಶ್ಚಿಮದಿಂದ ಮೋಡ.
ಗುಮಾಸ್ತೆ ಓದಿದಳು, ನ್ಯಾಯಾಧೀಶರು ತಲೆಯಾಡಿಸಿದರು,
ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಕೇಸಿಗೆ
ಹನ್ನೊಂದು ಸಲ ಜುಲೈ.

ಪೌಲೂಸಿಯ ಕೇಸು ಮಾತ್ರ ಮುಂದೂಡಲಿಲ್ಲ.
ವಿಮಾನದ ಹಿಂದಿನ ಸೀಟು ಯಾವಾಗಲೂ
ಖಾಲಿ ಬರುತ್ತದೆ, ಖಾಲಿ ಹೋಗುವುದು ಅಪರೂಪ.
ಅವನ ತಾಯಿ ಒಣಮೀನಿನ ಪೊಟ್ಟಣ ಹಿಡಿದು ಬಂದಳು.
ಪೊಲೀಸಿನವನು ತೆಗೆದುಕೊಂಡ,
ಏನು ಮಾಡುವುದೆಂದು ತಿಳಿಯದೆ
ಪುಸ್ತಕದಲ್ಲಿ ಬರೆದುಕೊಂಡ: ಮೀನು, ಒಂದು.

ಹೊರಗೆ ಸೈಲಾಸಿ ನನ್ನನ್ನು ಕೇಳಿದ, 'ಏನಾಯ್ತು?'
'ಜುಲೈ.'
'ಜುಲೈಗೆ ಹಿಮವೇ ಇರುವುದಿಲ್ಲ,
ಹಿಮಗಾಡಿಗೆ ನ್ಯಾಯ ತಗೊಂಡು ಏನು ಮಾಡಲಿ?'
ಪ್ರತಿ ಶನಿವಾರ, ಯಾರ ಆದೇಶವೂ ಇಲ್ಲದೆ,
ಜೇಪಿಟಿ ತನ್ನ ಸ್ಲೆಡ್ಡಿನಲ್ಲಿ
ಸೈಲಾಸಿಯ ಮನೆಗೆ ಕುಡಿಯುವ ಮಂಜುಗಡ್ಡೆ ಹೇರುತ್ತಾನೆ.
ಇದು ಕೋರ್ಟಿಗೆ ಗೊತ್ತಿಲ್ಲ. ಯಾರೂ ಕೇಳಲಿಲ್ಲ.
ಇಬ್ಬರೂ ಅದೇ ಸ್ಲೆಡ್ಡಿನಲ್ಲಿ ಮನೆಗೆ ಹೋದರು,
ಮಾತಾಡದೆ; ಅದು ಜಗಳವಲ್ಲ,
ಗಾಳಿ ಜೋರಿತ್ತು.

ಕುರ್ಚಿ ಮಡಚುತ್ತಿದ್ದೆ. ಬಾಗಿಲಲ್ಲಿ ಹುಡುಗರು,
ಚೆಂಡು ಹಿಡಿದು, 'ಮುಗೀತಾ?' 'ಮುಗೀತಾ?'
ಮುಗಿಯಿತೆಂದು ಹೇಳಲು ನಾಲಿಗೆ ಏಳಲಿಲ್ಲ.
ಮೇಜು ಸರಿಸಿ, ಹಾಲಿನ ಡಬ್ಬಿ ಎತ್ತಿ
ಜೇಬಿಗೆ ಹಾಕಿಕೊಂಡೆ.
ಜುಲೈಗೆ ಬೇಕಲ್ಲ.