ಅಂಚು

ಲೂಯಿವಿಲ್ಲಿನಲ್ಲಿ ಕುದುರೆ ಜೂಜಿನ ಹಬ್ಬ ಮುಗಿದ
ಮುಂದಿನ ಶನಿವಾರ, ಬೆಳಗಿನ ಐದೂವರೆ.
ಚರ್ಚಿನ ನೆಲಮಾಳಿಗೆಯಲ್ಲಿ ಒಡೆಲ್ಲಾ
ಮೂವತ್ತಾರು ಸೌತೆಕಾಯಿ ಬೀಜ ತೆಗೆದು ತುರಿದಳು.
ತುರಿಯನ್ನು ಹಳೇ ದಿಂಬಿನ ಚೀಲಕ್ಕೆ ತುಂಬಿ
ನನ್ನ ಕೈಗಿಟ್ಟಳು: ಹಿಂಡು.
ಹಿಂಡಿದೆ.
ಇನ್ನೂ ಹಿಂಡು.
ಹಿಂಡಿದೆ.
ಕೊಟ್ಟ ಸಾಲ ವಾಪಸು ಕೊಡದವನ ಕತ್ತು ಅಂದ್ಕೊಂಡು ಹಿಂಡೇ.
ಆಗ ಬಂತು ನೋಡಿ ನೀರು,
ಎಳೆಹಸಿರು, ಮೊಣಕೈವರೆಗೂ ತಣ್ಣಗೆ.

ಅದನ್ನು ಚೆಲ್ಲುವುದಿಲ್ಲ. ಎರಡು ಲೋಟಕ್ಕೆ ಬಗ್ಗಿಸಿ
ಚಿಟಿಕೆ ಉಪ್ಪು ಹಾಕಿ ನಿಂತೇ ಕುಡಿದೆವು.
ಅಡುಗೆಯವರ ಪಾಲು ಅದು, ಲೆಕ್ಕದಲ್ಲಿ ಬರೆಯುವಂಥದ್ದಲ್ಲ.

ಈರುಳ್ಳಿಯದು ರಸ ಮಾತ್ರ.
ಬಂದು ಹೋದದ್ದು ಗೊತ್ತಾಗಬೇಕಂತೆ,
ಬಂದು ಕೂತದ್ದು ಗೊತ್ತಾಗಬಾರದಂತೆ.
ರಾತ್ರಿಯೇ ಹೊರಗಿಟ್ಟ ಕ್ರೀಮ್ ಚೀಸು
ಮರದ ಸೌಟಿಗೆ ಎದುರಾಡದೆ ಬಗ್ಗಿತು.
ಕೊನೆಗೆ ಹಸಿರು ಬಣ್ಣ, ಒಂದೇ ತೊಟ್ಟು.
ಎರಡಾದರೆ ಬೇಲಿಗೆ ಬಳಿಯಬೇಕಾಗುತ್ತದೆ,
ಒಂದು ಸಲ ಆಗಿತ್ತು,
ಯಾರ ಕೈಯಿಂದ ಅಂತ ಅವಳು ಹೇಳುವುದಿಲ್ಲ,
ನನ್ನ ಕಡೆ ನೋಡುತ್ತಾಳೆ.

ಪಕ್ಕದಲ್ಲಿ ಕಿವುಚಿದ ಮೊಟ್ಟೆ, ಸಾಸಿವೆ ಹಚ್ಚಿದ್ದು;
ಕೆಂಪು ಮೆಣಸಿನ ಚೂರು ಬೆರೆಸಿದ ಹಳದಿ ಚೀಸು;
ಉಪ್ಪು ಹಾಕಿ ಹೊಗೆಯಲ್ಲಿ ವರ್ಷ ಕಳೆದ ಹಂದಿತೊಡೆ,
ಆಚೆ ಬದಿಯ ಪೇಪರು ಓದಬಹುದು, ಅಷ್ಟು ತೆಳುವು.
ಮುನ್ನೂರು ಸ್ಯಾಂಡ್‌ವಿಚ್ಚು. ಮದುವೆ ಎರಡು ಗಂಟೆಗೆ.
ಮೇಲೆ ಬೆಂಚಿಗೆಲ್ಲ ಬಿಳೀ ರಿಬ್ಬನ್ನು ಕಟ್ಟಿ ಆಗಿತ್ತು.

ಒಂಬತ್ತಕ್ಕೆ ಫೋನು.
ಒಡೆಲ್ಲಾ ಮೂರು ಸಲ ಹೂಂ ಅಂದು ಇಟ್ಟಳು.
ಮದುವೆ ಇಲ್ಲ, ಅಂದಳು.
ಬಟ್ಟೆ ಮುಚ್ಚು, ಬ್ರೆಡ್ಡು ಒಣಗುತ್ತೆ.
ಮತ್ತೆ ಚಾಕು ತಗೊಂಡು ಹಚ್ಚತೊಡಗಿದಳು.
ಇನ್ಯಾಕೆ ಹಚ್ಚೋದು ಅಂದೆ.
ಬ್ರೆಡ್ಡಿಗೆ ಇನ್ನೂ ಗೊತ್ತಿಲ್ವಲ್ಲ, ಅಂದಳು.

ಹತ್ತಾಗಿತ್ತೋ ಏನೋ, ಮೆಟ್ಟಿಲಿಳಿದು ಬಂದವಳು ಕೋರಲಿ.
ತಲೆತುಂಬ ಪಿನ್ನು, ಅಣ್ಣನ ಅಂಗಿ,
ಕಾಲಲ್ಲಿ ಮಾತ್ರ ಮದುವೆಯ ಬಿಳೀ ಚಪ್ಪಲಿ.
ಬಾಗಿಲಿಗೊರಗಿ ನಿಂತಳು.
ನಾನು ಬಾಯಿ ತೆರೆದೆ, ಒಡೆಲ್ಲಾ ನನ್ನ ಕಾಲು ತುಳಿದಳು.
ಅಯ್ಯೋ ಅನ್ನಲಿಲ್ಲ, ದೇವರ ಇಚ್ಛೆ ಅನ್ನಲಿಲ್ಲ,
ಹಲ್ಲಿನ ಚಾಕು ಒರೆಸಿ ಅವಳ ಕೈಗೆ ಕೊಟ್ಟಳು.
ಅಂಚು ತೆಗಿ. ಗರಗಸ ಎಳೆದ ಹಾಗೆ ಎಳಿ.
ಒತ್ತಬೇಡ, ಒತ್ತಿದ್ರೆ ಒಳಗಿರೋದೆಲ್ಲ ಹೊರಗೆ ಬರುತ್ತೆ.

ಅವಳು ಕೊಯ್ದಳು.
ಒಂದೊಂದಕ್ಕೆ ನಾಲ್ಕು ಬದಿ.
ಮೊದಮೊದಲು ಸೊಟ್ಟ, ಆಮೇಲೆ ನೇರ,
ಐವತ್ತು ದಾಟಿದ ಮೇಲೆ ಕಣ್ಣು ಒರೆಸಲೂ ನಿಲ್ಲಲಿಲ್ಲ,
ಮೂಗನ್ನು ತೋಳಿಗೆ ಉಜ್ಜಿಕೊಂಡೇ ಕೊಯ್ದಳು.
ಕಂದು ಅಂಚಿನ ಗುಡ್ಡೆ ಬೆಳೆಯಿತು.
ಅದರಿಂದ ಒಂದೆಳೆ ಎತ್ತಿ ಬಾಯಿಗಿಟ್ಟಳು,
ತುದಿಯಲ್ಲಿ ಹಸಿರು ಮೆತ್ತಿಕೊಂಡಿದ್ದದ್ದು.
ಇನ್ನೊಂದು. ಆಮೇಲೆ ಎರಡೆರಡು.
ಬೆಳಗಿನಿಂದ ಏನೂ ತಿಂದಿರಲಿಕ್ಕಿಲ್ಲ.

ನಂಗೆ ಅಂಚೇ ಇಷ್ಟ, ಚಿಕ್ಕವಳಿದ್ದಾಗಿಂದ, ಅಂದಳು,
ತುಂಬಿದ ಬಾಯಲ್ಲೇ.
ಅವನ ಮನೇಲಿ ಯಾರೂ ತಿನ್ನಲ್ಲ.
ನಾಲ್ಕು ವರ್ಷ ನಾನೂ ತಟ್ಟೇಲಿ ಬಿಟ್ಟೆ.

ಫ್ರಿಜ್ಜು ಗುಂಯ್‌ಗುಡುತ್ತಿತ್ತು.
ಒಡೆಲ್ಲಾ ಉಪ್ಪಿನ ಡಬ್ಬಿ ಅವಳತ್ತ ಸರಿಸಿ
ಸ್ಟೂಲು ಎಳೆದುಕೊಟ್ಟಳು.

ಮಧ್ಯಾಹ್ನ ಮೂವರೂ ವ್ಯಾನು ಹತ್ತಿ
ನದೀ ಕಡೆಯ ಬಸ್ ಡಿಪೋಗೆ ಹೋದೆವು.
ಬಿಳೀ ಚಪ್ಪಲಿಯವಳು ತಟ್ಟೆ ಹಿಡಿದು
ಎಂಜಿನೆಣ್ಣೆಯ ನೆಲದ ಮೇಲೆ ಹುಷಾರಾಗಿ ನಡೆದಳು.
ಮುದುಕ ಡ್ರೈವರೊಬ್ಬ ಸ್ಯಾಂಡ್‌ವಿಚ್ಚು ಬಿಡಿಸಿ,
ಒಳಗಿನ ಹಸಿರು ನೋಡಿ, ಮತ್ತೆ ಮುಚ್ಚಿ, ಕಚ್ಚಿ,
ತಲೆಯಾಡಿಸಿ, ರಿಬ್ಬನ್ನಿನ ತಟ್ಟೆ ನೋಡಿ ಕೇಳಿದ:
ಯಾರದ್ದಮ್ಮಾ, ಮದುವೇದಾ?
ಅಲ್ಲ, ಅಂದಳು ಕೋರಲಿ, ಶನಿವಾರದ್ದು.
ಇನ್ನೊಂದು ತಗೊಳ್ಳಿ.